ಫಿರೋನನ ಬೀಗರು

ನಮ್ಮ ಮನೆಯಲ್ಲಿ ಫಿರೋನ್ ಎಂಬುದು ಬೈಗುಳವಾಗಿತ್ತು. ಉಣ್ಣಲೊಲ್ಲೆ ಎಂದು ಹಟ ಹಿಡಿದ ನಾನು ಫಿರೋನ್, ಫ್ರೀವೇಯಲ್ಲಿ ಅಡ್ಡ ನುಗ್ಗಿದ ಕಾರಿನವನು ಫಿರೋನ್, ಹಳೆಯ ಜೋಳದ ಹಿಟ್ಟನ್ನು ಹೊಸದೆಂದು ಮಾರಿದ ಗ್ರೋಸರಿ ಅಂಗಡಿಯವನು ಫಿರೋನ್. ಆದರೆ ಎಲ್ಲರಿಗಿಂತ ಹೆಚ್ಚು ಸಲ ಆ ಹೆಸರು ಸಿಕ್ಕಿದ್ದು ನನ್ನ ಅಬ್ಬಾನಿಗೆ. ಕೊಡುತ್ತಿದ್ದವಳು ಅವರ ಹೆತ್ತ ತಾಯಿ, ನನ್ನ ಆಯಿ. ಆಯಿ ನವಲಗುಂದದ ಕಡೆಯವಳು. ಹತ್ತಿ ಹಿಂಜುವ ನದಾಫರ ಮನೆ. ನಮಾಜು ಒಂದನ್ನು ಬಿಟ್ಟರೆ ಬದುಕೆಲ್ಲ ಕನ್ನಡದಲ್ಲೇ. ಆಕೆಯ ಕಥೆಯ ಫಿರೋನ್ ಈಜಿಪ್ಟಿನ ಅರಸ. ತಾನೇ ದೇವರೆಂದು ಸಾರಿಕೊಂಡವನು, ಕಂಡವರ ಗಂಡುಕೂಸುಗಳನ್ನು ಕೊಲ್ಲಿಸಿದವನು. ನದಿಯಲ್ಲಿ ತೇಲಿಬಂದ ಒಂದು ಕೂಸನ್ನು ಅವನ ಹೆಂಡತಿಯೇ ಎತ್ತಿಕೊಂಡು, ಅವನ ಅರಮನೆಯಲ್ಲೇ ಅವನ ಅನ್ನ ಹಾಕಿ ಬೆಳೆಸಿದಳಂತೆ. ಆ ರಾಣಿಯ ಹೆಸರು ಆಸಿಯಾ. ನನಗೆ ಆ ಹೆಸರಿಟ್ಟದ್ದು ಆಯಿಯೇ. ಶಾಲೆಯಲ್ಲಿ ಟೀಚರುಗಳು ನನ್ನನ್ನು ಖಂಡದ ಹೆಸರಿನಿಂದ 'ಏಷ್ಯಾ' ಎಂದು ಕರೆಯುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ. ಅಷ್ಟು ಕೆಟ್ಟವನ ಹೆಂಡತಿಯ ಹೆಸರು ನನಗೇಕೆ ಎಂದು ಒಮ್ಮೆ ಮುನಿಸಿಕೊಂಡು ಕೇಳಿದ್ದೆ. ಆಯಿ ರೊಟ್ಟಿಯ ಹಿಟ್ಟು ನಾದುವುದನ್ನು ನಿಲ್ಲಿಸದೆ ಹೇಳಿದ್ದಳು:

"ಅಂವನ ಮನ್ಯಾಗ ಇದ್ದೂ ಅಂವನಂಗ ಆಗಲಿಲ್ಲಲ್ಲ ಆಕಿ, ಅದಕ್ಕ."

ನಾವಿದ್ದದ್ದು ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿ, ಉಪ್ಪಿನ ಹೊಂಡಗಳ ಕಡೆಯಿಂದ ಗಾಳಿ ಬೀಸಿದರೆ ಒಣಗಲು ಹಾಕಿದ ಬಟ್ಟೆಯೂ ಉಪ್ಪುಪ್ಪು ವಾಸನೆ ಹೊಡೆಯುವಂಥ ಬೀದಿಯಲ್ಲಿ. ಬಾಡಿಗೆ ಮನೆ. ಕೆಳಗೇ ಎಲ್ಲ ಕೋಣೆಗಳು. ಅಬ್ಬಾ ಅಮ್ಮಿಯದು ಒಂದು, ಆಯಿಯದೂ ನನ್ನದೂ ಸೇರಿ ಒಂದು, ಸಲೀಂ ಕಾಕಾನಿಗೆ ಗರಾಜು. ಗರಾಜಿನಲ್ಲಿ ಹಳೆಯ ಕಾರ್ಪೆಟ್ ಹಾಸಿ, ಒಂದು ಹೀಟರ್ ಇಟ್ಟು, ಅದಕ್ಕೆ 'ಸಲೀಂನ ಅಪಾರ್ಟ್‌ಮೆಂಟು' ಎಂದು ಅಮ್ಮಿ ಹೆಸರಿಟ್ಟಿದ್ದರು. ಕಾಕಾ ಅಬ್ಬಾನಿಗಿಂತ ಬಹಳ ಚಿಕ್ಕವನು. ನಡುವೆ ಹುಟ್ಟಿದ ಇಬ್ಬರನ್ನು ಆಯಿ ಮಣ್ಣಿಗೆ ಕೊಟ್ಟಿದ್ದಳು. ಆ ಮಾತನ್ನು ಆಕೆ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ತಮ್ಮನನ್ನು ಓದಿಸಿ, ಅಮೆರಿಕಕ್ಕೆ ಕರೆಸಿ, ಪರಿಚಯದ ಕಂಪನಿಯಲ್ಲಿ ಕೆಲಸಕ್ಕೆ ಹಚ್ಚಿದ್ದು ಅಬ್ಬಾ. ಹೀಗಾಗಿ ಕಾಕಾ ಅಬ್ಬಾನ ಎದುರು ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದ, ಅಬ್ಬಾ ಇಲ್ಲದಾಗ ಸೋಫಾದ ಮೇಲೆ ಕಾಲು ಚಾಚಿ ಮಲಗುತ್ತಿದ್ದ.

ಮನೆಯ ಹೃದಯವೆಂದರೆ ಅಡುಗೆಮನೆ, ಅದರ ಶತ್ರುವೆಂದರೆ ಛಾವಣಿಯ ಸ್ಮೋಕ್ ಅಲಾರಮ್ಮು. ಕರೆಂಟಿನ ಒಲೆಯ ಕೆಂಪು ಸುರುಳಿಯ ಮೇಲೆ ಆಯಿ ರೊಟ್ಟಿ ಉಬ್ಬಿಸಿದರೆ ಸಾಕು, ಅದು ಚೀರತೊಡಗುತ್ತಿತ್ತು. ಆಗ ಕಾಕಾ ಟವೆಲು ಹಿಡಿದು ಅದರ ಕೆಳಗೆ ನಿಂತು ಬೀಸುತ್ತಿದ್ದ. ಆಯಿ ಅದಕ್ಕೂ ಫಿರೋನ್ ಎನ್ನುತ್ತಿದ್ದಳು. ಅಮ್ಮಿ ಮೈಸೂರಿನವರು. ಅವರಿಗೆ ಅನ್ನವಿಲ್ಲದೆ ಊಟವಿಲ್ಲ, ಆಯಿಗೆ ರೊಟ್ಟಿಯಿಲ್ಲದೆ ಊಟವಿಲ್ಲ, ಅಬ್ಬಾನಿಗೆ ಎರಡೂ ಇರಬೇಕು, ಬಿಸಿಯಾಗಿರಬೇಕು, ಹೇಳಿದ ಹೊತ್ತಿಗೆ ಇರಬೇಕು. ಆ ವರ್ಷಗಳಲ್ಲಿ ಅಬ್ಬಾ ಕೆಲಸಕ್ಕಿದ್ದ ಕಂಪ್ಯೂಟರ್ ಕಂಪನಿ ಬೆಟ್ಟ ಏರುವಂತೆ ಏರುತ್ತಿತ್ತು. ಕಂಡವರೆಲ್ಲ ಷೇರಿನ ಮಾತಾಡುತ್ತಿದ್ದರು, ಪ್ಲೆಸೆಂಟನ್‌ನಲ್ಲಿ ಮನೆ ನೋಡುತ್ತಿದ್ದರು. ಅಬ್ಬಾನೂ ಭಾನುವಾರ ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಹೋಗಿ, ಇನ್ನೂ ಬಣ್ಣದ ವಾಸನೆ ಆರದ ದೊಡ್ಡ ಮನೆಗಳಲ್ಲಿ ಅಡ್ಡಾಡಿಸಿ, ಇದು ಅವ್ವನ ಕೋಣೆ, ಇದು ಆಸಿಯಾಳ ಕೋಣೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಅವರು ಕೆಟ್ಟವರಲ್ಲ. ಎಲ್ಲರ ಬದುಕನ್ನೂ ತಾವೊಬ್ಬರೇ ಹೊತ್ತಿದ್ದೇವೆ ಎಂದು ನಂಬಿದವರ ದನಿ ಹೇಗಿರುತ್ತದೋ ಹಾಗೆ ಗಟ್ಟಿಯಾಗಿತ್ತು ಅವರ ದನಿ, ಅಷ್ಟೇ.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಟೀಚರ್ ಮಿಸೆಸ್ ಡೋನವನ್ ಈಜಿಪ್ಟಿನ ಪಾಠ ಶುರುಮಾಡಿದರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಅರಸ. ಅವನ ತಾಯಿತಂದೆ, ಹೆಂಡಿರು ಮಕ್ಕಳು, ಮನೆತನದ ಸಂಗತಿಯನ್ನೆಲ್ಲ ಓದಿ, ದೊಡ್ಡ ಹಲಗೆಯ ಮೇಲೆ ಚಿತ್ರ ಅಂಟಿಸಿ, ಒಂದು ಸಂಜೆ ಮನೆಯವರೆಲ್ಲರ ಎದುರು ಹೇಳಬೇಕು. ನನ್ನ ಪಾಲಿಗೆ ಬಂದವನು ಎರಡನೆಯ ರಾಮ್ಸೆಸ್. ಶಾಲೆಯಲ್ಲಿ 'ಫೇರೋ' ಅನ್ನುತ್ತಿದ್ದದ್ದೂ ಮನೆಯಲ್ಲಿ 'ಫಿರೋನ್' ಅನ್ನುತ್ತಿದ್ದದ್ದೂ ಒಂದೇ ಎಂದು ನನಗೆ ತಿಳಿದದ್ದೇ ಆಗ. ಲೈಬ್ರರಿಯಿಂದ ತಂದ ಪುಸ್ತಕಗಳನ್ನು ನಾನು ಅಡುಗೆಮನೆಯ ಟೇಬಲ್ಲಿನ ಮೇಲೆ ಹರಡಿದ್ದೆ. ಒಂದರಲ್ಲಿ ಆ ಅರಸನ ಒಣಗಿದ ದೇಹದ ಫೋಟೋ ಇತ್ತು. ಗಿಡುಗನಂಥ ಮೂಗು, ಎದೆಯ ಮೇಲೆ ಕೈ, ತಲೆಯ ಹಿಂದೆ ಉಳಿದ ಕೆಂಚು ಕೂದಲು. ಆಯಿ ಬಟಾಣಿ ಸುಲಿಯುತ್ತಿದ್ದವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಅವನೇನಾ ಎಂದಳು. ಕಥೆಯಲ್ಲಿರುವವನು ಇವನೋ ಇನ್ನೊಬ್ಬನೋ ಯಾರಿಗೂ ಖಚಿತವಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಗೆಲ್ಲ ಆಯಿ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು, ಒಲೆಯ ಮುಂದಿನ ಅಮ್ಮಿ ನಡುವೆ ನಿಂತು ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸಿ ಹೇಳುವುದು. ಇಂದು ಕನ್ನಡದಲ್ಲಿ ಇದನ್ನು ಬರೆಯುವಾಗ ನನ್ನ ಆ ಉತ್ತರಗಳಿಗೆಲ್ಲ ಅಮ್ಮಿಯ ಮೈಸೂರಿನ ದನಿಯೇ ಕೇಳಿಸುತ್ತದೆ.

ಆಯಿ ಬಹಳ ಹೊತ್ತು ಆ ಫೋಟೋ ನೋಡಿದಳು. ತನ್ನ ಸೆರಗು ಸರಿಸಿ ತಲೆ ಮುಟ್ಟಿಕೊಂಡಳು. ಆಕೆಯ ಕೂದಲೂ ಅದೇ ಬಣ್ಣ. ತಿಂಗಳಿಗೊಮ್ಮೆ ಅಮ್ಮಿ ಮದರಂಗಿ ಕಲಸಿ ಹಚ್ಚುತ್ತಿದ್ದರು.

"ಮದರಂಗಿ ಹಚ್ಚ್ಯಾರ ನೋಡು ಅಂವಗ," ಎಂದಳು ಆಯಿ. "ಮುದುಕ ಆಗಿದ್ದ ಪಾಪ."

ಪಾಪ ಎಂಬ ಮಾತು ಆಕೆಯ ಬಾಯಿಂದ ಫಿರೋನನಿಗೆ ಬಂದದ್ದು ಅದೇ ಮೊದಲು. ಅವನಿಗೆ ಹಲ್ಲೆಲ್ಲ ಕೆಟ್ಟು ವಸಡಿನಲ್ಲಿ ಕೀವು ತುಂಬಿತ್ತಂತೆ ಎಂದು ನಾನು ಓದಿದಾಗ, ಕಟ್ಟಿಸಿದ ಹಲ್ಲಿನಿಂದ ದಿನವೂ ನರಳುತ್ತಿದ್ದ ಆಯಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. ಅಂದಿನಿಂದ ಶಾಲೆ ಬಿಟ್ಟು ಬಂದ ಕೂಡಲೇ ನನಗೆ ರೊಟ್ಟಿಗೆ ಶೇಂಗಾ ಹಿಂಡಿ ಸವರಿ ಕೊಟ್ಟು, ಎದುರು ಕೂತು, ಫಿರೋನನ ಮನೆಯ ಸುದ್ದಿ ಕೇಳುವುದು ಆಕೆಯ ಪದ್ಧತಿಯಾಯಿತು. ಯುದ್ಧ, ಗುಡಿ, ಕಂಬ ಇವು ಬೇಡ. ತಾಯಿ ಇದ್ದಳೇ? ಇದ್ದಳು, ತೂಯಾ ಎಂದು ಹೆಸರು, ಮಗ ಪಟ್ಟಕ್ಕೆ ಬಂದ ಮೇಲೂ ಬಹಳ ಕಾಲ ಅವನ ಜೊತೆ ಇದ್ದಳು. ಹಿರಿಯ ಹೆಂಡತಿ? ನೆಫರ್ಟಾರಿ, ತನ್ನ ಗುಡಿಯ ಪಕ್ಕದಲ್ಲೇ ಆಕೆಗೊಂದು ಗುಡಿ ಕೆತ್ತಿಸಿ, ಸೂರ್ಯ ಹುಟ್ಟುವುದೇ ಆಕೆಗಾಗಿ ಎಂಬ ಅರ್ಥದ ಮಾತು ಬರೆಸಿದ್ದ. ಇದನ್ನು ಕೇಳಿ ಅಮ್ಮಿ ಒಲೆಯಿಂದ ತಿರುಗಿ, ರಾತ್ರಿ ಊಟಕ್ಕೆ ಅಬ್ಬಾನ ಮುಂದೆ ಅದನ್ನು ಮತ್ತೊಮ್ಮೆ ಓದು ಎಂದರು. ಮಕ್ಕಳು ಎಷ್ಟು? ನೂರರ ಸುಮಾರು. ಆಯಿ ಗಲ್ಲಕ್ಕೆ ಬೆರಳು ಹಚ್ಚಿದಳು. ತನ್ನ ಮಗಳನ್ನೇ ಮದುವೆಯಾಗಿದ್ದ ಎಂಬ ಸಾಲು ಬಂದಾಗ ಅಮ್ಮಿ ಅದನ್ನು ತಿರುಗಿಸದೆ, ಮುಂದಿನ ಪುಟ ಓದು ಎಂದು ಕಣ್ಸನ್ನೆ ಮಾಡಿದರು. ಆದರೆ ಅವನು ತೊಂಬತ್ತರ ಹತ್ತಿರ ಬದುಕಿದ್ದ, ಹನ್ನೆರಡು ಗಂಡುಮಕ್ಕಳು ಅವನ ಕಣ್ಣೆದುರೇ ಹೋದರು, ಕೊನೆಗೆ ಪಟ್ಟಕ್ಕೆ ಬಂದದ್ದು ಹದಿಮೂರನೆಯವನು, ಅವನಿಗೂ ಆಗಲೇ ಮುಪ್ಪು ಎಂದದ್ದನ್ನು ಅಮ್ಮಿ ನಿಧಾನವಾಗಿ ತಿರುಗಿಸಿ ಹೇಳಿದರು. ಆಯಿ ನನ್ನ ತಟ್ಟೆಯನ್ನು ಎತ್ತಿಕೊಂಡು ಹೋಗಿ, ತೊಳೆದದ್ದನ್ನೇ ಮತ್ತೆ ತೊಳೆಯುತ್ತ ನಲ್ಲಿಯ ಮುಂದೆ ನಿಂತಳು.

ಈಜಿಪ್ಟಿನವರೇ ಒಬ್ಬರು ತನಗೆ ಗೊತ್ತು, ಬೇಕಾದರೆ ಸಹಾಯಕ್ಕೆ ಕರೆದುಕೊಂಡು ಬರುತ್ತೇನೆ ಎಂದು ಸಲೀಂ ಕಾಕಾ ಹೇಳಿದಾಗ ಯಾರಿಗೂ ವಿಶೇಷವೆನಿಸಲಿಲ್ಲ. ಒಂದು ಭಾನುವಾರ ಹಾಲಾ ಬಂದಳು. ಎತ್ತರದ ಹೆಂಗಸು, ತಲೆಗೆ ತಿಳಿ ಹಸಿರು ರುಮಾಲು, ಕೈಯಲ್ಲಿ ಒಂದು ಡಬ್ಬಿ ಖರ್ಜೂರದ ಬಿಸ್ಕೀಟು. ಕೈರೋದವಳು, ಫ್ರೀಮಾಂಟಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಆಯಿಯ ಬೀಪಿ ಮಾತ್ರೆ ತರಲು ಕಾಕಾ ಹೋಗುತ್ತಿದ್ದದ್ದು ಅಲ್ಲಿಗೇ. ಆಕೆ ನನ್ನ ಪಕ್ಕ ನೆಲದ ಮೇಲೆ ಕೂತು, ತಾನು ಚಿಕ್ಕವಳಿದ್ದಾಗ ಶಾಲೆಯವರು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ ಇದೇ ರಾಮ್ಸೆಸನನ್ನು ಗಾಜಿನ ಪೆಟ್ಟಿಗೆಯಲ್ಲಿ ತೋರಿಸಿದ್ದನ್ನು ಹೇಳಿದಳು. ಹೆದರಿ ಅತ್ತಿದ್ದಳಂತೆ. ಮನೆಗೆ ಬಂದಾಗ ಅವಳ ತಾಯಿ, ಹೆದರಬೇಡ, ಅವನೂ ಯಾರದೋ ಅಜ್ಜ ಎಂದಿದ್ದಳಂತೆ. ಅಮ್ಮಿ ಇದನ್ನು ತಿರುಗಿಸಿ ಹೇಳಿದಾಗ ಆಯಿ ಹಾಲಾಳ ಮುಖವನ್ನೇ ನೋಡುತ್ತ ಕೂತಿದ್ದಳು. ಊಟಕ್ಕೆ ಏಳಿರೆಂದು ಕರೆದಾಗ ಹಾಲಾ ರೊಟ್ಟಿಯನ್ನು ಮುರಿದು, ಎಣ್ಣೆಗಾಯಿಯನ್ನು ನಮ್ಮಂತೆಯೇ ಅದರಲ್ಲಿ ಒತ್ತಿ ಹಿಡಿದು ಬಾಯಿಗಿಟ್ಟಳು. ಕಾಕಾ ಅವಳ ಲೋಟಕ್ಕೆ ನೀರು ಬಗ್ಗಿಸಿದ. ನಮ್ಮ ಮನೆಯಲ್ಲಿ ಗಂಡಸರು ಯಾರಿಗೂ ನೀರು ಬಗ್ಗಿಸುತ್ತಿರಲಿಲ್ಲ. ಅಬ್ಬಾ ಊಟ ನಿಲ್ಲಿಸಿ ಅದನ್ನು ನೋಡಿದರು. ಆಯಿಯೂ ನೋಡಿದಳು.

ಹಾಲಾ ಹೋದ ಮೇಲೆ, ಅವಳನ್ನೇ ಮದುವೆಯಾಗುತ್ತೇನೆ ಎಂದು ಕಾಕಾ ಹೇಳಿದ್ದಕ್ಕೆ ಜಗಳವಾಯಿತು. ಅಬ್ಬಾ ಹುಬ್ಬಳ್ಳಿಯ ನೆಂಟರಿಗೆ, ಅವರ ಮಗಳನ್ನು ಸಲೀಂನಿಗೆ ತಂದುಕೊಳ್ಳುತ್ತೇನೆಂದು ಆಗಲೇ ಮಾತು ಕೊಟ್ಟಿದ್ದರು. ಕಾಕಾ ಆವತ್ತು ಕುರ್ಚಿಯ ಅಂಚಿನಲ್ಲಿ ಕೂರಲಿಲ್ಲ, ನಿಂತೇ ಇದ್ದ. ಭಾಷೆ ಗೊತ್ತಿಲ್ಲ, ಜನ ಗೊತ್ತಿಲ್ಲ, ನಿನಗಿಂತ ಎರಡು ವರ್ಷ ದೊಡ್ಡವಳು, ನಾಳೆ ನೀನು ಯಾವ ದೇಶದಲ್ಲಿರುತ್ತೀ ಎಂದು ಅಬ್ಬಾ ಒಂದೊಂದಾಗಿ ಕೇಳಿದರು. ಕಾಕಾ ಒಂದಕ್ಕೂ ಉತ್ತರ ಕೊಡದೆ, ಮಾತು ಕೊಡುವ ಮೊದಲು ನನ್ನನ್ನು ಕೇಳಿದ್ದೆಯಾ ಎಂದ. ಅಬ್ಬಾ ಎದ್ದು ನಿಂತರು.

"ಈ ಮನ್ಯಾಗ ಇರೂದಾದ್ರ ನನ್ನ ಮಾತು ನಡೀಬೇಕು. ಇಲ್ಲಂದ್ರ ನಿನ್ನ ದಾರಿ ನೀ ನೋಡ್ಕೊ."

ಕಾಕಾ ತನ್ನ ದಾರಿ ನೋಡಿಕೊಂಡ. ಆ ವಾರವೇ ಎರಡು ಸೂಟ್‌ಕೇಸು, ಹೀಟರ್ ತೆಗೆದುಕೊಂಡು ಸನಿವೇಲಿನಲ್ಲಿದ್ದ ಗೆಳೆಯರ ಅಪಾರ್ಟ್‌ಮೆಂಟಿಗೆ ಹೋದ. ಹೋಗುವಾಗ ಆಯಿಯ ಕೈಯನ್ನು ಕಣ್ಣಿಗೊತ್ತಿಕೊಂಡ. ಆಯಿ ಅವನ ತಲೆ ಸವರಿದಳೇ ಹೊರತು ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಈಗ ಅಬ್ಬಾನಿಗೆ ಚೆನ್ನಾಗಿ ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಬೀಳಲಿಲ್ಲ. ಆಯಿ ಮಗನನ್ನು ಫಿರೋನ್ ಎನ್ನುವುದನ್ನೇ ಬಿಟ್ಟಳು. ರಫೀಕ, ಊಟಕ್ಕ ಬಾ, ರಫೀಕ, ಫೋನು ಬಂದೈತಿ, ಇಷ್ಟೇ. ಆ ಹೆಸರು ತಮಾಷೆಯಾಗಿ ಉಳಿದಿಲ್ಲ ಎಂಬುದು ನಮಗೆಲ್ಲ ಗೊತ್ತಾಯಿತು, ಅಬ್ಬಾನಿಗೂ. ಅಡುಗೆಮನೆಯಲ್ಲಿ ಅಲಾರಮ್ಮು ಚೀರಿದರೆ ಈಗ ಅಮ್ಮಿ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತು ಹಾಕುತ್ತಿದ್ದರು. ಭಾನುವಾರ ಪ್ಲೆಸೆಂಟನ್ನಿಗೆ ಹೋಗುವುದು ನಿಂತಿತು. ಅಬ್ಬಾ ಸಂಜೆಗಳಲ್ಲಿ ಗರಾಜಿನ ಬಾಗಿಲು ತೆರೆದು, ಖಾಲಿ ಕಾರ್ಪೆಟ್ಟನ್ನು ಒಂದು ಕ್ಷಣ ನೋಡಿ, ಏನೋ ಹುಡುಕಲು ಬಂದವರಂತೆ ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡು ಒಳಗೆ ಬರುತ್ತಿದ್ದರು.

ನನ್ನ ಹಲಗೆಯ ಕೆಲಸ ಮಾತ್ರ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಆಯಿ, ಎಷ್ಟೋ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡವಳಂತೆ, ಒಂದು ಪ್ರಶ್ನೆ ಕೇಳಿದಳು:

"ಫಿರೋನನ ಬೀಗರು ಯಾರಾಗಿದ್ರು?"

ಬೀಗರು ಎಂದರೇನೆಂದು ನನಗೆ ಅಮ್ಮಿ ಹೇಳಬೇಕಾಯಿತು: ಮದುವೆಯಿಂದ ನಂಟು ಬೆಳೆದ ಎರಡು ಮನೆಯ ಹಿರಿಯರು. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಮಾತೇ ಇಲ್ಲ ಎಂದು ಅಮ್ಮಿ ಬೇಸರಪಟ್ಟರು. ನಾನು ಪುಸ್ತಕಗಳಲ್ಲಿ ಹುಡುಕಿದೆ. ಸಿಕ್ಕಿತು. ರಾಮ್ಸೆಸ್ ಪ್ರಾಯದಲ್ಲಿ ಹಿಟೈಟರೆಂಬ ಜನರ ಮೇಲೆ ದೊಡ್ಡ ಯುದ್ಧ ಮಾಡಿದ್ದ. ಈಗಿನ ಟರ್ಕಿ ಇರುವಲ್ಲಿ ಅವರ ದೇಶ. ಇಬ್ಬರೂ ಗೆಲ್ಲಲಿಲ್ಲ. ವರ್ಷಗಳು ಕಳೆದ ಮೇಲೆ ರಾಜಿಯಾಯಿತು, ಇನ್ನೂ ಕೆಲವು ವರ್ಷ ಕಳೆದ ಮೇಲೆ ಆ ಶತ್ರುವಿನ ಮಗಳನ್ನೇ ಅವನು ಮದುವೆಯಾದ. ಹುಡುಗಿಯ ತಾಯಿ ಪುದುಹೆಪಾ ಎಂಬ ರಾಣಿ. ಮಗಳನ್ನು ಯಾಕೆ ಇನ್ನೂ ಕಳಿಸಿಲ್ಲ ಎಂದು ಫಿರೋನ್ ಅವಸರಪಡಿಸಿದಾಗ ಆಕೆ ಅವನಿಗೆ ನೇರವಾಗಿ ಬರೆದಿದ್ದಳು: ನಮ್ಮ ಉಗ್ರಾಣಕ್ಕೆ ಬೆಂಕಿ ಬಿದ್ದಿದೆ, ನಿನಗೇನು ಕಡಿಮೆಯಾಗಿದೆ, ನಮ್ಮಿಂದ ಪಡೆದೇ ನೀನು ದೊಡ್ಡವನಾಗಬೇಕೆ ಎಂಬಂಥ ಮಾತುಗಳನ್ನು. ಮಗಳಿಗೆ ಪಟ್ಟದರಾಣಿಯ ಸ್ಥಾನವನ್ನೇ ಕೊಡಬೇಕೆಂದೂ ಕೇಳಿದ್ದಳು. ಕೊನೆಗೆ ಹುಡುಗಿ ಚಳಿಗಾಲದಲ್ಲಿ ಬೆಟ್ಟಗಳನ್ನು ದಾಟಿ ಹೊರಟಾಗ, ದಾರಿಯಲ್ಲಿ ಮಳೆ ಹಿಮ ಬಾರದಿರಲಿ ಎಂದು ಈ ದೇವರೆನಿಸಿಕೊಂಡ ಫಿರೋನ್ ತನ್ನ ದೇವರಿಗೆ ಹರಕೆ ಹೊತ್ತ ಎಂದೂ ಬರೆದಿತ್ತು.

ಆಯಿ ಆ ಭಾಗವನ್ನು ಮತ್ತೆ ಓದಿಸಿದಳು. ಮರುದಿನವೂ ಓದಿಸಿದಳು. ಪುದುಹೆಪಾಳ ಹೆಸರು ಆಕೆಯ ಬಾಯಲ್ಲಿ 'ಪುದವ್ವ' ಆಯಿತು. ಅಂಥಾ ಫಿರೋನನಿಗೆ ಎದುರು ನಿಂತು ಮಾತಾಡಿದಳಲ್ಲ, ಗಟ್ಟಿ ಹೆಂಗಸು ಎಂದಳು. ಆಮೇಲೆ ಬಟಾಣಿಯ ಸಿಪ್ಪೆಗಳನ್ನು ಒಟ್ಟುಗೂಡಿಸುತ್ತ, ತನಗೇ ಹೇಳಿಕೊಂಡಳು:

"ಕಡಿದಾಡಿದವ್ರೇ ಬೀಗರಾದ್ರು. ನಾವೇನ ಯಾರ ಜೋಡೀನೂ ಕಡಿದಾಡಿಲ್ಲ."

ಶಾಲೆಯಲ್ಲಿ ಎಲ್ಲರೆದುರು ಹೇಳಬೇಕಾದ ಸಂಜೆ ಬಂದಾಗ ಆಯಿ ಹಬ್ಬಕ್ಕೆಂದು ಇಟ್ಟಿದ್ದ ಇಳಕಲ್ ಸೀರೆ ಉಟ್ಟಳು. ಶಾಲೆಯ ಸಭಾಂಗಣದ ತುಂಬ ಬಣ್ಣ ಬಳಿದ ರಟ್ಟಿನ ಪಿರಮಿಡ್ಡುಗಳು, ಕಿತ್ತಲೆ ರಸದ ಕಪ್ಪುಗಳು. ಅಬ್ಬಾ ಆಫೀಸಿನಿಂದ ನೇರ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಕಾಕಾನನ್ನೂ ಹಾಲಾಳನ್ನೂ ಬರಹೇಳಿದವರು ಅಮ್ಮಿ. ಅದನ್ನು ಅವರು ಆಮೇಲೆ ಹಲವು ವರ್ಷ ಯಾರೆದುರೂ ಒಪ್ಪಿಕೊಳ್ಳಲಿಲ್ಲ. ಇಬ್ಬರೂ ಬಾಗಿಲ ಹತ್ತಿರ ನಿಂತಿದ್ದರು. ನನ್ನ ಸರದಿ ಬಂದಾಗ ನಾನು ತಾಯಿ ತೂಯಾಳಿಂದ ಶುರುಮಾಡಿ, ನೆಫರ್ಟಾರಿಯ ಗುಡಿ, ಹಲ್ಲುನೋವು, ತೀರಿಹೋದ ಹನ್ನೆರಡು ಮಕ್ಕಳು, ಚಳಿಗಾಲದಲ್ಲಿ ಬಂದ ಮದುಮಗಳವರೆಗೆ ಹೇಳಿದೆ. ಬೇರೆಯವರೆಲ್ಲ ಪಿರಮಿಡ್ಡು, ಚಿನ್ನ, ಶಾಪ ಎಂದು ಹೇಳಿದ್ದರಿಂದಲೋ ಏನೋ, ಜನ ಸದ್ದಿಲ್ಲದೆ ಕೇಳಿದರು. ನನ್ನ ಹೆಸರು ಯಾರದೆಂಬುದನ್ನೂ ಹೇಳಿ, ಅದು ಏಷ್ಯಾ ಅಲ್ಲ, ಆಸಿಯಾ ಎಂದೆ. ಮಿಸೆಸ್ ಡೋನವನ್ ಅಲ್ಲಿಯೇ ಅದನ್ನು ಎರಡು ಸಲ ಸರಿಯಾಗಿ ಹೇಳಿ ನೋಡಿದರು.

ಚಪ್ಪಾಳೆ ಮುಗಿಯುವ ಮೊದಲೇ ಆಯಿ ಎದ್ದಿದ್ದಳು. ಕುರ್ಚಿಗಳ ನಡುವೆ, ಜನರ ಮೊಣಕಾಲು ಸರಿಸುತ್ತ, ಬಾಗಿಲ ಹತ್ತಿರ ಹೋಗಿ ಹಾಲಾಳ ಮಣಿಕಟ್ಟು ಹಿಡಿದುಕೊಂಡಳು. ಹಾಲಾ ಬಗ್ಗಿದಳು. ನಾನು ನನ್ನ ಹಲಗೆಯ ಪಕ್ಕದಿಂದಲೇ ನೋಡುತ್ತಿದ್ದೆ.

"ನಿಮ್ಮವ್ವ ಅದಾಳೇನವ್ವಾ?"

ಕಾಕಾ ತಿರುಗಿಸಿದ. ಇದ್ದಾಳೆ, ಕೈರೋದಲ್ಲಿ ಎಂದಳು ಹಾಲಾ.

"ಹಂಗಾದ್ರ ನಾ ಆಕಿ ಜೋಡಿ ಮಾತಾಡಬೇಕು. ಮದಿವಿ ಮಾತು ಹುಡುಗರು ಆಡೂದಲ್ಲ."

ಅಬ್ಬಾ ಕೈಯಲ್ಲಿ ಕಾಗದದ ತಟ್ಟೆ ಹಿಡಿದು ಸಭಾಂಗಣದ ಮಧ್ಯೆ ನಿಂತಿದ್ದರು. ತಟ್ಟೆಯಲ್ಲಿ ಯಾರದೋ ತಾಯಿ ಬಡಿಸಿದ ಅಂಜೂರ. ಅಲ್ಲಿ ದನಿ ಎತ್ತುವಂತಿರಲಿಲ್ಲ. ಮನೆಗೆ ಬಂದ ಮೇಲೂ ಅವರು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ, ಕೈರೋದಲ್ಲಿ ಸಂಜೆಯಾಗುವ ಹೊತ್ತಿಗೆ, ಎಲ್ಲರೂ ಅಡುಗೆಮನೆಯಲ್ಲಿ ಸೇರಿದೆವು. ಗೋಡೆಯ ಫೋನಿಗೆ ಉದ್ದನೆಯ ವಯರು. ಹಾಲಾ ಪರದೇಶಕ್ಕೆ ಫೋನು ಮಾಡುವ ಕಾರ್ಡಿನ ನಂಬರು ಒತ್ತಿ, ತಾಯಿಯ ಜೊತೆ ನಾಲ್ಕು ಮಾತಾಡಿ, ಫೋನನ್ನು ಆಯಿಯ ಕೈಗೆ ಕೊಟ್ಟಳು. ಆಯಿ ಸಲಾಂ ಹೇಳಿದಳು, ಆ ಕಡೆಯಿಂದ ಸಲಾಂ ಬಂತು, ಆ ಒಂದು ಮಾತಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಆಮೇಲೆ ಆಯಿ ಕನ್ನಡದಲ್ಲಿ ಕೇಳುವುದು, ಕಾಕಾ ಅದನ್ನು ಹಾಲಾಳಿಗೆ ಇಂಗ್ಲಿಷಿನಲ್ಲಿ ಹೇಳುವುದು, ಹಾಲಾ ಫೋನಿಗೆ ಬಾಯಿ ತಂದು ಅರಬ್ಬಿಯಲ್ಲಿ ಹೇಳುವುದು, ಅದೇ ದಾರಿಯಲ್ಲಿ ಉತ್ತರ ಹಿಂದಿರುಗುವುದು. ಮಂಡಿ ನೋವಿದೆಯೇ, ಇದೆ. ಮಕ್ಕಳೆಷ್ಟು, ನಾಲ್ಕು. ಮಗಳನ್ನು ಇಷ್ಟು ದೂರ ಕಳಿಸಿ ಹೇಗಿದ್ದೀ. ನಾನು ಗಿಡಗಳಿಗೆ ನೀರು ಹಾಕುತ್ತೇನೆ, ಬೇರೆ ಏನು ಮಾಡಲಿ ಎಂದಳಂತೆ ಹಾಲಾಳ ತಾಯಿ. ಆಯಿ ಫೋನು ಹಿಡಿದುಕೊಂಡೇ ತಲೆಯಾಡಿಸಿದಳು. ಆಮೇಲೆ ಆ ತಾಯಿ ಕೇಳಿದ ಒಂದು ಪ್ರಶ್ನೆಯನ್ನು ಹಾಲಾ ತಿರುಗಿಸಲು ಹಿಂದೆಮುಂದೆ ನೋಡಿದಳು. ಏನದು ಹೇಳು ಎಂದಳು ಆಯಿ. ನಿಮ್ಮ ಹಿರಿಯ ಮಗನಿಗೆ ಒಪ್ಪಿಗೆಯಿದೆಯೇ ಎಂದು ಕೇಳುತ್ತಿದ್ದಾಳೆ ಎಂದಳು ಹಾಲಾ.

ಅಬ್ಬಾ ಟೇಬಲ್ಲಿನ ಆಚೆ ಕೂತಿದ್ದರು, ಮುಂದೆ ಆರಿದ ಚಹಾ. ಆಯಿ ಅವರನ್ನು ನೋಡುತ್ತಲೇ ಹೇಳಿದಳು:

"ಇಲ್ಲ ಅಂತ ಹೇಳು. ಬೀಗತಿಗೆ ಸುಳ್ಳ ಹೇಳಂಗಿಲ್ಲ. ಆದ್ರ ಆ ಹುಡುಗಿ ನನ್ನ ಮನಿಗೆ ಬರ್ತಾಳ, ನಾ ನೋಡ್ಕೋತೀನಿ."

ಫೋನಿನಲ್ಲಿ ಆ ಹೆಂಗಸು ಬಹಳ ಹೊತ್ತು ಮಾತಾಡಿದಳು. ಹಾಲಾ ಕಣ್ಣೊರೆಸಿಕೊಳ್ಳುತ್ತ, ನಿಜ ಹೇಳಿದ್ದಕ್ಕೆ ನಿಮಗೆ ಮಗಳನ್ನು ಕೊಡುತ್ತೇನೆ ಅಂತಿದ್ದಾಳೆ ಎಂದಳು. ಫೋನಿಟ್ಟ ಮೇಲೆ ಅಬ್ಬಾ ಒಂದೇ ಮಾತು ಕೇಳಿದರು, ಕೂಗದೆ: ಹುಬ್ಬಳ್ಳಿಯವರಿಗೆ ನಾನು ಯಾವ ಮುಖ ತೋರಿಸಲಿ? ಆ ಮಾತನ್ನೂ ತಾನೇ ಆಡುತ್ತೇನೆ ಎಂದಳು ಆಯಿ. ಆಡಿದಳು ಕೂಡ. ಅವತ್ತೇ ಹುಬ್ಬಳ್ಳಿಗೆ ಫೋನು ಹಚ್ಚಿ, ತಪ್ಪು ನಮ್ಮದು, ಹುಡುಗನನ್ನು ಕೇಳದೆ ಮಾತು ಕೊಟ್ಟೆವು ಎಂದು, ಅವರು ಅಂದದ್ದನ್ನೆಲ್ಲ ನಿಂತು ಕೇಳಿಸಿಕೊಂಡಳು.

ನಿಕಾಹ್ ನಮ್ಮ ಮನೆಯ ಹಾಲ್‌ನಲ್ಲೇ ಆಯಿತು. ಸೋಫಾಗಳನ್ನು ಗರಾಜಿಗೆ ಸಾಗಿಸಿದ್ದು, ಫ್ರೀಮಾಂಟಿನಿಂದ ಬಿರಿಯಾನಿಯ ಹಂಡೆಗಳನ್ನು ಕಾರಿನಲ್ಲಿ ತಂದದ್ದು, ಕುರ್ಚಿ ಬಾಡಿಗೆಗೆ ತಂದದ್ದು ಎಲ್ಲ ಅಬ್ಬಾನೇ. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೆ ಹಾಲಾಳೊಂದಿಗೆ ಮಾತಾಡಲಿಲ್ಲ. ಮದುವೆಯ ನಂತರ ಕಾಕಾ ಮತ್ತು ಹಾಲಾ ಫ್ರೀಮಾಂಟಿನಲ್ಲಿ ಮನೆ ಮಾಡಿ, ಪ್ರತಿ ಭಾನುವಾರ ನಮ್ಮಲ್ಲಿಗೆ ಬರುತ್ತಿದ್ದರು. ಆಗಲೂ ಅಬ್ಬಾ, ಆಕಿಗೆ ಚಹಾ ಬೇಕೇನು ಕೇಳು ಎಂದು ಅಮ್ಮಿಗೆ ಹೇಳುತ್ತಿದ್ದರು, ಹಾಲಾ ಎದುರಿಗೇ ಕೂತಿರುತ್ತಿದ್ದಳು. ಅವಳು ಮುಖ ಸಣ್ಣಗೆ ಮಾಡಿಕೊಳ್ಳುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಆಯಿಯ ಪಕ್ಕ ರೊಟ್ಟಿ ಬಡಿಯಲು ನಿಲ್ಲುತ್ತಿದ್ದಳು. ಮೊದಮೊದಲು ಅವು ಅಂಚು ಹರಿದು ನಕ್ಷೆಗಳಂತಾಗುತ್ತಿದ್ದವು. ಆಯಿ ಅವಳನ್ನು 'ಹಾಲವ್ವ' ಎಂದು ಕರೆದಳು, ನಮ್ಮ ಕಡೆ ಹೀಗೊಂದು ಹೆಸರೇ ಇದೆ, ನೀನು ಹೊರಗಿನವಳೇನಲ್ಲ ಎಂದಳು. ತಿರುಗಿಸುವವರು ಇರಲಿ ಇಲ್ಲದಿರಲಿ ಅವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತ ಹೋದಳು.

ಮರುವರ್ಷ ಬೆಟ್ಟ ಏರಿದ್ದೆಲ್ಲ ಇಳಿಯಿತು. ಅಬ್ಬಾನ ಕಂಪನಿ ಮೊದಲು ಒಂದು ಮಹಡಿ ಖಾಲಿ ಮಾಡಿತು, ಆಮೇಲೆ ಬಾಗಿಲನ್ನೇ ಮುಚ್ಚಿತು. ಅಬ್ಬಾ ಕೆಲವು ವಾರ ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಟೇಬಲ್ಲಿಗೆ ಬಂದು ಕೂರುತ್ತಿದ್ದರು. ಅಮ್ಮಿ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿದು ಮನೆ ನಡೆಸಿದರು. ಬಿಸಿ ರೊಟ್ಟಿ ಬೇಕು ಎಂದು ಕೇಳುವುದನ್ನು ಅಬ್ಬಾ ಬಿಟ್ಟರು. ಅದನ್ನು ಕಂಡು ಆಯಿ ಇನ್ನಷ್ಟು ಬಿಸಿಯಾದದ್ದನ್ನೇ ಅವರ ತಟ್ಟೆಗೆ ಹಾಕುತ್ತಿದ್ದಳು. ಹಾಲಾಳೊಂದಿಗೆ ಅವರು ಆಗಲೂ ಮಾತಾಡಲಿಲ್ಲ. ಮೊದಲು ಸಿಟ್ಟಿನಿಂದ ಮಾತಾಡದವರು ಈಗ ನಾಚಿಕೆಯಿಂದ ಮಾತಾಡುತ್ತಿರಲಿಲ್ಲ ಎಂದು ಅಷ್ಟರಲ್ಲಿ ನನಗೂ ತಿಳಿಯುತ್ತಿತ್ತು. ಎಷ್ಟೋ ಸಲ ಅವರು ಬಾಯಿ ತೆರೆದು, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಪೇಪರು ಮಡಚಿಡುವುದನ್ನು ನಾನು ಕಂಡಿದ್ದೇನೆ.

ಹಾಲಾಳಿಗೆ ಹೆರಿಗೆಯಾದದ್ದು ಒಂದು ಬಿಸಿಲಿನ ಮಧ್ಯಾಹ್ನ. ಅವಳ ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತಿಯ ಪಕ್ಕ ಆಯಿ ಕೂತಿದ್ದಳು. ನಾವು ಹೋದಾಗ ಅಬ್ಬಾ ಕೋಣೆಯೊಳಗೆ ಬರದೆ ಬಾಗಿಲಲ್ಲೇ ನಿಂತರು. ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳಬೇಕು. ಕಾಕಾ ಆಗಲೇ ಕೈ ತೊಳೆದು ತಲೆಗೆ ಟೋಪಿ ಹಾಕಿಕೊಂಡು ತಯಾರಾಗಿದ್ದ. ಹಾಲಾ 'ತಡಿ' ಎಂಬಂತೆ ಅವನತ್ತ ಕೈ ಎತ್ತಿ, ಆಯಿಯ ಮಡಿಲಿನ ಕೂಸನ್ನೂ ಬಾಗಿಲನ್ನೂ ನೋಡಿದಳು. ಆಯಿಗೆ ಅರ್ಥವಾಯಿತು. ಎದ್ದು ಹೋಗಿ ಕೂಸನ್ನು ಅಬ್ಬಾನ ಕೈಗೆ ಕೊಟ್ಟಳು. ಅಬ್ಬಾ ಕಾಕಾನ ಮುಖ ನೋಡಿದರು. ಕಾಕಾ ತನ್ನ ಟೋಪಿ ತೆಗೆದು ಅಣ್ಣನ ತಲೆಗೆ ಇಟ್ಟ.

ಅಬ್ಬಾನಿಗೆ ಅಷ್ಟು ಮೆಲುದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕೂಸಿನ ಬಲಗಿವಿಯ ಹತ್ತಿರ ಬಾಯಿ ತಂದು, ಮಧ್ಯೆ ಎರಡು ಕಡೆ ನಿಂತು, ಕೊನೆಯವರೆಗೆ ಹೇಳಿದರು. ಕೂಸು ಅಳಲಿಲ್ಲ. ಮುಗಿದ ಮೇಲೂ ಅವರು ಅದನ್ನು ಹಿಂದಿರುಗಿಸದೆ ಎದೆಗವಚಿ ನಿಂತಿದ್ದರು. ಆಮೇಲೆ ತಲೆ ಎತ್ತಿ, ಅಮ್ಮಿಯ ಕಡೆಗಲ್ಲ, ಕಾಕಾನ ಕಡೆಗಲ್ಲ, ನೇರವಾಗಿ ಹಾಸಿಗೆಯ ಕಡೆಗೆ ನೋಡಿ, ತಮಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಮರೆತವರಂತೆ ಕನ್ನಡದಲ್ಲಿ, ಹೆಸರೇನು ಇಟ್ಟೀರಿ ಎಂದು ಕೇಳಿದರು.

ತಿರುಗಿಸಿ ಹೇಳಲು ನಾನು ಬಾಯಿ ತೆರೆದೆ. ಹಾಲಾ ನನಗಿಂತ ಮೊದಲೇ, ನವಲಗುಂದದ ಹೆಣ್ಣುಮಗಳಂತೆ, ಹೇಳಿದಳು:

"ಇನ್ನೂ ಇಟ್ಟಿಲ್ರೀ ಭಾವಾ. ನೀವು ಬರ್ಲಿ ಅಂತ ಕಾಯಾಕತ್ತಿದ್ವಿ."